ಬಿಡಿ ಸ್ವರಗಳ ಮೂರು ದಿನ

ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಡಬಲ್ ಬೇಸ್ ನುಡಿಸಿದವರು ಯಾರೂ ಇರಲಿಲ್ಲ. ನನ್ನ ನಂತರ ಯಾರಾದರೂ ನುಡಿಸುವ ಲಕ್ಷಣವೂ ಇಲ್ಲ. ಹೀಗಾಗಿ ಈ ವಂಶಕ್ಕೆ ನಾನೇ ಮೂಲಪುರುಷ, ನಾನೇ ಕೊನೆಯ ಕುಡಿ. ಶ್ರಾದ್ಧ ಮಾಡುವವರಿಗೆ ಇದರಿಂದ ಬಹಳ ಅನುಕೂಲ.

ತಂದೆಯವರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಪುರಸೈವಾಕ್ಕಂನ ಬಾಡಿಗೆ ಮನೆಯಲ್ಲಿ ಅಣ್ಣನಿಗೊಂದು ಪಿಟೀಲು ಬಂತು. ಇಬ್ಬರಿಗೆ ಎರಡು ಪಿಟೀಲು ಕೊಡಿಸುವುದು ದುಂದುಗಾರಿಕೆ ಎಂದು ನನ್ನನ್ನು ಲೆಕ್ಕಕ್ಕೆ ಉತ್ತಮ ಎಂದು ಘೋಷಿಸಲಾಯಿತು. ಪೆರಂಬೂರಿನ ರೈಲ್ವೆ ಕ್ಲಬ್ಬಿನಲ್ಲಿ ನಿವೃತ್ತ ಇಂಜಿನ್ ಡ್ರೈವರ್ ಒಬ್ಬರಿದ್ದರು, ಆಂಗ್ಲೋ-ಇಂಡಿಯನ್ನರು. ಶನಿವಾರದ ನೃತ್ಯಕ್ಕೆ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದರು. ಮಗಳ ಮನೆಗೆಂದು ಆಸ್ಟ್ರೇಲಿಯಕ್ಕೆ ಹೊರಡುವ ಮುನ್ನ ಎರಡು ವರ್ಷ ನನಗೆ ಕಲಿಸಿದರು, ಹೊರಡುವಾಗ ವಾದ್ಯವನ್ನೂ ಬಿಟ್ಟುಹೋದರು. ಅದನ್ನು ಮೀನಿನ ಗಾಡಿಯಲ್ಲಿ ಹಾಕಿಸಿಕೊಂಡು ಮನೆಗೆ ತಂದ ದಿನ ಅಮ್ಮ ಬಾಗಿಲಲ್ಲೇ ನಿಂತು, ಆಳೆತ್ತರದ ಆ ಆಕೃತಿಯನ್ನು ಮೇಲಿಂದ ಕೆಳಗೆ ನೋಡಿ, "ಇದೂ ಪಿಟೀಲೇ ಕಣೋ. ಯಾರೋ ಇದಕ್ಕೆ ಅನ್ನ ಜಾಸ್ತಿ ಇಟ್ಟಿದ್ದಾರೆ ಅಷ್ಟೆ" ಅಂದರು. ಈ ವಾದ್ಯದ ಬಗ್ಗೆ ಇಷ್ಟು ಖಚಿತವಾದ ವಿವರಣೆಯನ್ನು ಮುಂದೆ ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ.

ಬೇಸ್ ನುಡಿಸುವವನ ಪರಮಧರ್ಮ ಕಿವಿಗೆ ಬೀಳದೆ ಇರುವುದು. ಮನೆಯ ಫ್ಯಾನಿನ ಹಾಗೆ, ನಿಂತಾಗಲೇ ಜನ ತಲೆ ಎತ್ತಿ ನೋಡುತ್ತಾರೆ. ಈ ಧರ್ಮವನ್ನು ನಾನು ಮೂವತ್ತೈದು ವರ್ಷ ಆಚರಿಸಿದೆ. ವಡಪಳನಿಯ ಸ್ಟುಡಿಯೋಗಳಲ್ಲಿ ಬೆಳಿಗ್ಗೆ ಒಂದು ಹಾಡು, ಮಧ್ಯಾಹ್ನ ಒಂದು ಹಾಡು. ಸಂಜೆ ಹೋಟೆಲಿನಲ್ಲಿ ಊಟ ಮಾಡುವವರ ಜೀರ್ಣಶಕ್ತಿಗೆ ನೆರವು. ಡಿಸೆಂಬರಿನಲ್ಲಿ ಚರ್ಚು. ತಮಿಳರ ಆವಣಿ ತಿಂಗಳಲ್ಲಿ ಮದುವೆ ರಿಸೆಪ್ಷನ್ನು. ಸ್ಟುಡಿಯೋದಲ್ಲಿ ಸಂಗೀತ ನಿರ್ದೇಶಕರ ಸಹಾಯಕರು ಪಿಟೀಲಿನವರಿಗೆಲ್ಲ ಸ್ವರ ಬರೆಸುತ್ತಿದ್ದರು. ನನ್ನ ಬಳಿ ಬಂದಾಗ ಮಾತ್ರ, "ನೀವೇ ಏನಾದ್ರೂ ಹಾಕ್ಕೊಳ್ಳಿ ಸಾರ್" ಎಂದು ಮುಂದೆ ಹೋಗುತ್ತಿದ್ದರು. ಹೀಗೆ ಏನಾದರೂ ಹಾಕಿಕೊಳ್ಳುತ್ತ ನಾನು ಹೆಸರಿಲ್ಲದ ಸಂಗೀತ ರಚನಕಾರನಾದೆ. ಹೆಸರಿದ್ದ ರಚನೆಗಳೂ ಇವೆ: ಬೇಸ್ ಮತ್ತು ತಂತಿವಾದ್ಯಗಳಿಗೆಂದು ಬರೆದ ಎರಡು ಕೃತಿಗಳು, ತಲಾ ಒಂದು ಸಲ ನುಡಿಸಲ್ಪಟ್ಟವು, ಎರಡನೆಯ ಸಲ ಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಜನಕೋಟಿ ಕೇಳಿದ ನನ್ನ ಕೃತಿ ಎಂದರೆ ಒಂದು ಹಪ್ಪಳದ ಜಾಹೀರಾತಿನದು. ಅದರಲ್ಲೂ ಹಪ್ಪಳ ಮುರಿಯುವ ಸದ್ದೇ ಚೆನ್ನಾಗಿ ಬಂದಿತ್ತು.

ಆಮೇಲೆ ಕೀಬೋರ್ಡು ಬಂತು. ಪಿಟೀಲಿನವರು ನಲವತ್ತರಿಂದ ಇಪ್ಪತ್ತಾದರು, ಇಪ್ಪತ್ತರಿಂದ ನಾಲ್ಕಾದರು. ಬೇಸಿನವನು ಮೊದಲೇ ಒಬ್ಬ; ಒಬ್ಬನಿಂದ ಇಳಿದರೆ ಉಳಿಯುವುದೇನು? ನನ್ನ ಕೊನೆಯ ಕರೆ ಬಂದು ಆರು ವರ್ಷವಾಗಿತ್ತು. ಭಾನುವಾರದ ಪಾಠಗಳು ಮಾತ್ರ ಇದ್ದವು. ಶಿಷ್ಯರು ಒಬ್ಬೊಬ್ಬರಾಗಿ ಹಗುರವಾದ ವಾದ್ಯಗಳಿಗೆ ಹೋದ ಮೇಲೆ ಅವಳೊಬ್ಬಳು ಉಳಿದಳು.

ಅವಳು ಟಿ. ನಗರದ ಕನ್ನಡ ಮನೆಯ ಹುಡುಗಿ, ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಮೂವತ್ತು ದಾಟಿತ್ತು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವಳು, ಬೈದರೆ ಮಾತ್ರ ಕನ್ನಡಕ್ಕೆ ಬರುವಳು; ಹಾಗಾಗಿ ಅವಳ ಕನ್ನಡ ನನ್ನ ಬೈಗುಳದಿಂದಲೇ ಸುಧಾರಿಸಿತು. ಕೈ ಮಾತ್ರ ನಾನು ಕಂಡ ಅತ್ಯುತ್ತಮ ಕೈ. ಒಂದು ದಿನ ಅವಳು, "ಸಾರ್, ನೌಕರಿ ಬಿಟ್ಟು ಇದನ್ನೇ ಮಾಡ್ಬೇಕು ಅಂತ ಇದೀನಿ. ನೀವೇನಂತೀರ?" ಎಂದು ಕೇಳಿದಳು. ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ಈ ಊರಿನಲ್ಲಿ ಬೇಸ್ ನುಡಿಸುವವರು ಈಗ ನಾಲ್ಕೇ ಜನ, ಅವರಲ್ಲಿ ಮೂವರಿಗೆ ಮಂಡಿನೋವು, ನಿಜವಾದ ವಾದ್ಯದ ನಾದ ಬೇಕೆನ್ನುವ ನಿರ್ದೇಶಕರು ಮತ್ತೆ ಬರುತ್ತಿದ್ದಾರೆ, ಧೈರ್ಯವಾಗಿ ಬಿಡು ಎಂದೆ. ಅವಳು ಬಿಟ್ಟಳು. ಅವಳ ತಾಯಿ ಫೋನ್ ಮಾಡಿ ನನ್ನನ್ನು ಏನೂ ಬೈಯಲಿಲ್ಲ. "ನೀವು ಹೇಳಿದ್ರಂತೆ" ಎಂದಷ್ಟೇ ಅಂದು ಫೋನ್ ಇಟ್ಟರು. ನನ್ನ ಮಾತು ಹುಸಿಯಾಗಲಿಲ್ಲ. ಒಂದು ವರ್ಷ ಅವಳಿಗೆ ವಾರಕ್ಕೊಂದಾದರೂ ಕರೆ ಬರುತ್ತಿತ್ತು.

ಆಗ ನನಗೂ ಒಂದು ಕರೆ ಬಂತು.

ಕರೆದವನು ಬಹಳ ಹಿಂದೆ ನನ್ನಲ್ಲಿ ಆರು ತಿಂಗಳು ಕಲಿತು ಕಂಪ್ಯೂಟರಿಗೆ ಶರಣಾದವನು. ಈಗ ವಡಪಳನಿಯಲ್ಲಿ ಸ್ವಂತ ಸ್ಟುಡಿಯೋ. "ಮೂರು ದಿನ ಬೇಕು ಸಾರ್, ನಿಮ್ಮ ವಾದ್ಯವೇ ಬೇಕು, ನಿಮ್ಮ ಕೈಯೇ ಬೇಕು" ಎಂದ. ಆರು ವರ್ಷ ಯಾರಿಗೂ ಬೇಡವಾಗಿದ್ದ ಕೈಗೆ ಇಷ್ಟು ಸಾಕು. ಹೊಸ ತಂತಿ ಹಾಕಿಸಿದೆ. ಕ್ಷೌರ ಮಾಡಿಸಿದೆ. ಹೆಂಡತಿ ಇಸ್ತ್ರಿ ಅಂಗಡಿಯಿಂದ ಅಂಗಿ ತಂದು ಕೈಗೆ ಕೊಡುತ್ತ, "ಯಾವ ಹಾಡಂತೆ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಕೇಳುವುದು ನನ್ನ ಘನತೆಗೆ ಕಡಿಮೆ ಎಂದು ಕೇಳಿರಲಿಲ್ಲ.

ಹಾಡು ಇರಲಿಲ್ಲ. ಸ್ಟುಡಿಯೋದಲ್ಲಿ ಅವನು ಬಹಳ ವಿನಯದಿಂದ ವಿವರಿಸಿದ. ವಾದ್ಯದ ಅತ್ಯಂತ ಕೆಳಗಿನ ಸ್ವರದಿಂದ ಅತ್ಯಂತ ಮೇಲಿನ ಸ್ವರದವರೆಗೆ ಒಂದೊಂದನ್ನೂ ಬಿಡಿಬಿಡಿಯಾಗಿ ನುಡಿಸಬೇಕು: ಬೆರಳಿನಿಂದ ಮೀಟಿ, ಕಮಾನಿನಿಂದ ಎಳೆದು, ಮೆಲ್ಲಗೆ, ಸಾಧಾರಣವಾಗಿ, ಜೋರಾಗಿ. ಪ್ರತಿಯೊಂದನ್ನೂ ನಾಲ್ಕು ಸಲ. ಒಂದೇ ಸ್ವರ ಮತ್ತೆ ಮತ್ತೆ ಬಂದರೆ ಜನಕ್ಕೆ ಯಂತ್ರ ಎಂದು ತಿಳಿದುಬಿಡುತ್ತದಂತೆ. ಆದ್ದರಿಂದ ಯಂತ್ರಕ್ಕೆ ಮನುಷ್ಯತ್ವ ಬರಲು ಮನುಷ್ಯ ನಾಲ್ಕು ಸಲ ಯಂತ್ರದಂತೆ ನುಡಿಸಬೇಕು. ಹೀಗೆ ಕೂಡಿಟ್ಟ ಸ್ವರಗಳನ್ನು ಮುಂದೆ ಯಾರು ಬೇಕಾದರೂ ಕೀಬೋರ್ಡಿನಲ್ಲಿ ಒತ್ತಿ ಹಾಡಿಗೆ ಹಾಕಿಕೊಳ್ಳಬಹುದು.

"ಅಂದ್ರೆ ನಾನು ಬರಬೇಕಾಗಿಲ್ಲ" ಎಂದೆ.

"ಯಾರೂ ಬರಬೇಕಾಗಿಲ್ಲ ಸಾರ್" ಎಂದ ಸಂತೋಷದಿಂದ. "ನೀವು ಯಾವಾಗಲೂ ಇಲ್ಲೇ ಇರುತ್ತೀರಿ."

ಮೈಕು ಬಹಳ ಸೂಕ್ಷ್ಮ, ಆದ್ದರಿಂದ ಏಸಿ ಆರಿಸಿದರು. ಮೇ ತಿಂಗಳು. ಮುಚ್ಚಿದ ಕೋಣೆ. ಸ್ವರ ನುಡಿಸಿದ ಮೇಲೆ ಅದು ಪೂರ್ತಿ ಸಾಯುವವರೆಗೆ ಅಲುಗಾಡಬಾರದು, ಉಸಿರೂ ಮೆಲ್ಲಗೆ. ಬೇಸಿನ ಕೆಳಗಿನ ತಂತಿ ಸಾಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ, ಯಾಕೆಂದರೆ ಒಂದು ಸ್ವರ ಸಾಯುವ ಮೊದಲೇ ಇನ್ನೊಂದನ್ನು ಹುಟ್ಟಿಸುವುದೇ ನನ್ನ ಕಸುಬಾಗಿತ್ತು. ಕಿವಿಗೆ ಮುಗಿಯಿತು ಎನಿಸಿದ ಮೇಲೂ ಎದೆಗೆ ಒರಗಿದ ಮರದಲ್ಲಿ ಇನ್ನೂ ಸ್ವಲ್ಪ ಮಿಸುಕಾಡುತ್ತದೆ. ಬೆವರು ಮೂಗಿನ ತುದಿಗೆ ಬಂದು ನಿಲ್ಲುತ್ತದೆ. ಆಮೇಲೆ ಗಾಜಿನ ಆಚೆಯಿಂದ, "ಸೂಪರ್ ಸಾರ್. ಮುಂದಿನದು."

ಮಧ್ಯಾಹ್ನದ ಮೊಸರನ್ನದ ಹೊತ್ತಿಗೆ ಆ ಹುಡುಗಿಯ ನೆನಪಾಯಿತು. ಮೊದಲೇ ಆಗಬೇಕಿತ್ತು. 'ಯಾರೂ ಬರಬೇಕಾಗಿಲ್ಲ' ಎಂಬ ಮಾತಿನಲ್ಲಿ ನಾನು ಆರು ವರ್ಷದ ಹಿಂದೆಯೇ ಸೇರಿಹೋಗಿದ್ದೆ. ಈಗ ಹೊಸದಾಗಿ ಸೇರುವವಳು ಅವಳು. ಅವಳಿಗೆ ನೌಕರಿ ಬಿಡಿಸಿದವನೂ ನಾನೇ, ಬಿಟ್ಟು ಬಂದ ಜಾಗಕ್ಕೆ ಬೀಗ ಹಾಕುತ್ತಿರುವವನೂ ನಾನೇ. ಎದ್ದು ಹೋಗಬಹುದಿತ್ತು. ವಾದ್ಯ ಸಾಗಿಸುವ ಟೆಂಪೊ ಸಂಜೆ ಆರಕ್ಕೆ ಬರುವುದು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ನಿಜವಾದ ಕಾರಣ ಅದಲ್ಲ. ಗಾಜಿನ ಆಚೆ ನಾಲ್ಕು ಜನ ಕಣ್ಣು ಮುಚ್ಚಿ ನನ್ನ ಒಂದೇ ಒಂದು ಸ್ವರವನ್ನು, ಬೇರೇನೂ ಇಲ್ಲದೆ, ಕೊನೆಯವರೆಗೆ ಕೇಳುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ, "ಹಾಡು ಆಯ್ತಾ?" ಎಂದಳು.

"ಹಾಡಲ್ಲ. ಬರೀ ಸ್ವರ."

"ಸ್ವರ ಅಂದ್ರೆ, ಸರಿಗಮಾನಾ?"

"ಅದಕ್ಕೂ ಕಡಿಮೆ. ಇವತ್ತು ಸ ಮಾತ್ರ ಅಂತ ಇಟ್ಕೋ."

"ಇಷ್ಟು ವರ್ಷದ ಮೇಲೆ ನಿಮ್ಮನ್ನ ಮತ್ತೆ ಒಂದನೇ ಕ್ಲಾಸಿಗೆ ಹಾಕಿದ್ರು ಅನ್ನಿ" ಎಂದು ತಟ್ಟೆ ಇಟ್ಟಳು. ಆಮೇಲೆ ನಾನು ಮಿಕ್ಕಿದ್ದನ್ನು ಹೇಳಿದೆ. ಅವಳು ಸಾರು ಬಡಿಸುತ್ತಿದ್ದ ಕೈ ನಿಲ್ಲಿಸಿ, "ಆ ಹುಡುಗಿಗೆ ಹೇಳ್ಬಿಡಿ. ಬೇರೆಯವರಿಂದ ಗೊತ್ತಾಗೋದು ಬೇಡ" ಅಂದಳು. ಸರಿ ಎಂದೆ.

ಮೂರನೆಯ ದಿನ ನನಗೆ ಧರ್ಮಬುದ್ಧಿ ಜಾಗೃತವಾಯಿತು. ಬಿಟ್ಟುಹೋಗುವ ಧೈರ್ಯವಿಲ್ಲದವನು ಕೆಡಿಸಬಹುದಲ್ಲ? ಇನ್ನು ಬರುವ ಸ್ವರಗಳನ್ನು ಕೂದಲೆಳೆಯಷ್ಟು ತಗ್ಗಿಸಿ ನುಡಿಸಿಬಿಟ್ಟರೆ ಯಾವ ಹಾಡಿಗೂ ಕೂಡುವುದಿಲ್ಲ, ಅವಳನ್ನು ಕರೆಯಲೇಬೇಕಾಗುತ್ತದೆ. ಹೀಗೆ ನಿಶ್ಚಯಿಸಿ ಬೆರಳನ್ನು ತಪ್ಪು ಜಾಗದಲ್ಲಿ ಇಟ್ಟೆ. ಕಮಾನು ತಂತಿಗೆ ತಾಗಿದ ಕ್ಷಣ ಬೆರಳು ತಾನಾಗಿ ಸರಿಯಾದ ಜಾಗಕ್ಕೆ ಸರಿಯಿತು. ಇಂಜಿನ್ ಡ್ರೈವರರು ಗೆಣ್ಣಿಗೆ ಹೊಡೆದು ಕಲಿಸಿದ ಬೆರಳು. ನನ್ನ ಪಾಪಕ್ಕೆ ಸಹಕರಿಸಿತು, ಪ್ರಾಯಶ್ಚಿತ್ತಕ್ಕೆ ಒಪ್ಪಲಿಲ್ಲ. ಐದಾರು ಸಲ ಹೆಣಗಾಡಿದ ಮೇಲೆ ಕೊನೆಗೂ ಒಂದು ಸ್ವರವನ್ನು, ಹಲ್ಲು ಕಚ್ಚಿ, ಶ್ರದ್ಧೆಯಿಂದ, ಅಪಸ್ವರವಾಗಿ ನುಡಿಸಿದೆ. ಗಾಜಿನ ಆಚೆ ನೋಡಿದೆ.

"ಸ್ವಲ್ಪ ಇಳಿದಿದೆ ಸಾರ್" ಎಂದ ಹಳೆಯ ಶಿಷ್ಯ. "ಪರವಾಗಿಲ್ಲ, ನಾವು ಇಲ್ಲಿ ಸರಿಮಾಡಿಕೊಳ್ಳುತ್ತೇವೆ. ಮುಂದಿನದು."

ಸಂಜೆ ಸ್ವರಗಳನ್ನೆಲ್ಲ ಬರೆದುಕೊಡುವ ಕಾಗದಕ್ಕೆ ಸಹಿ ಹಾಕಿದೆ. ಶಾಲು ಹೊದಿಸಿದರು. ಫೋಟೋ ತೆಗೆದರು.

ಆ ಭಾನುವಾರ ಅವಳು ಬಂದಳು. ಹೊಸ ತಂತಿ ಅವಳ ಕಣ್ಣಿಗೆ ಬಿತ್ತು. "ಏನ್ ಸಾರ್, ಕಲ್ಯಾಣ ಕಳೆ ಬಂದಿದೆ ವಾದ್ಯಕ್ಕೆ. ಕಾಲ್ ಬಂತಾ?" ಎಂದಳು.

"ಸುಮ್ನೆ. ಹಳೇ ಶಿಷ್ಯ ಒಬ್ಬ ಕರೆದಿದ್ದ."

"ಏನ್ ಸಾಂಗ್?"

"ಹಾಡೇನಿಲ್ಲ. ಟೆಸ್ಟಿಂಗ್ ತರ" ಎಂದೆ. ಒಳಗಿನಿಂದ ಪಾತ್ರೆ ಇಟ್ಟ ಸದ್ದು ಜೋರಾಗಿ ಕೇಳಿಸಿತು. ಹೆಂಡತಿಯ ಅಭಿಪ್ರಾಯ ಅದು. ನಾನು ಪಾಠ ಶುರುಮಾಡಿದೆ. ಅವಳ ತೋರುಬೆರಳು ಸ್ವಲ್ಪ ಬಾಗುತ್ತದೆ ಎಂದು ಅರ್ಧ ಗಂಟೆ ಬೈದೆ, ಅಷ್ಟೇನೂ ಬಾಗುತ್ತಿರಲಿಲ್ಲ.

ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರ ಅವಳಿಗೆ ಜ್ವರ. ಅದರ ಮುಂದಿನ ವಾರ ಅವಳು ಸಂತೋಷವಾಗಿದ್ದಳು, ಕೆಡಿಸುವುದೇಕೆ ಎಂದು ಬಿಟ್ಟೆ. ಆಮೇಲೆ ಅವಳು ಸಂತೋಷವಾಗಿರಲಿಲ್ಲ, ಈಗ ಹೇಳುವುದು ಕ್ರೂರ ಎಂದು ಬಿಟ್ಟೆ. ಹೀಗೆ ಪ್ರತಿ ಭಾನುವಾರಕ್ಕೂ ಅದರದೇ ಒಂದು ಯೋಗ್ಯ ಕಾರಣ ಒದಗಿತು. ದೀಪಾವಳಿ ಹೊತ್ತಿನ ಐಪ್ಪಸಿಯ ಮಳೆ ಬರುವಷ್ಟರಲ್ಲಿ ಅವಳ ಕರೆಗಳು ತಿಂಗಳಿಗೆ ಒಂದಾದವು. ಡಿಸೆಂಬರಿನ ಸಂಗೀತ ಸೀಸನ್ ಮುಗಿಯುವಷ್ಟರಲ್ಲಿ ಅದೂ ನಿಂತಿತು. "ಏನೋ ಹೊಸ ಸೌಂಡ್ ಬಂದಿದೆಯಂತೆ ಸಾರ್. ತುಂಬಾ ರಿಯಲ್ಲಾಗಿದೆಯಂತೆ" ಎಂದು ಅವಳೇ ಒಂದು ದಿನ ಹೇಳಿದಳು. ನಾನು ಕಮಾನಿಗೆ ರಾಳ ಹಚ್ಚುತ್ತಿದ್ದೆ. ಬಹಳ ಹೊತ್ತು ಹಚ್ಚಿದೆ.

ಶಿವರಾತ್ರಿ ಹೊತ್ತಿನ ಮಾಸಿ ತಿಂಗಳ ಒಂದು ಭಾನುವಾರ ಅವಳು ಬಂದು ವಾದ್ಯ ಮುಟ್ಟದೆ ಕುರ್ಚಿಯಲ್ಲಿ ಕೂತಳು.

"ನಿನ್ನೆ ಒಂದು ಕಾಲ್ ಬಂದಿತ್ತು ಸಾರ್" ಎಂದಳು.

"ಒಳ್ಳೇದಾಯ್ತು."

"ನುಡಿಸೋಕಲ್ಲ. ಸಾಂಗ್ ರೆಕಾರ್ಡಿಂಗ್ ಆಗ್ಹೋಗಿದೆ. ವಿಡಿಯೋಗೆ. ಪಟ್ಟು ಸೀರೆ ಉಡಿಸಿ, ಬೇಸ್ ಕೊಟ್ಟು ನಿಲ್ಲಿಸಿದ್ರು. ಹೆಂಗಸು ಬೇಸ್ ನುಡಿಸಿದ್ರೆ ನೋಡೋಕೆ ಚೆನ್ನಾಗಿರುತ್ತಂತೆ" ಎಂದಳು. "ಕಿವಿಗೆ ಹೆಡ್‌ಫೋನ್ ಹಾಕಿದ್ರು. ಮೊದಲನೇ ಸ್ವರಕ್ಕೇ ಗೊತ್ತಾಯ್ತು. ಏಳು ವರ್ಷ ಎದುರಿಗೆ ನಿಂತು ಕೇಳಿದೀನಿ ಸಾರ್. ಅದು ನೀವು ತಾನೆ?"

"ನಾನೇ" ಎಂದೆ.

"ಯಾವಾಗ?"

"ಹೋದ ಮೇ."

ಅವಳು ಬೆರಳಿನಲ್ಲಿ ತಿಂಗಳು ಎಣಿಸಿದಳು. ನಲವತ್ತು ಭಾನುವಾರಗಳಾದರೂ ಆಗಿದ್ದವು. ನಾನು ಏನೋ ಹೇಳಹೊರಟೆ: ನಾನು ಒಲ್ಲೆ ಎಂದಿದ್ದರೆ ಇನ್ನೊಬ್ಬನನ್ನು ಹಿಡಿಯುತ್ತಿದ್ದರು, ಹೇಗಿದ್ದರೂ ಆಗುವುದೇ ಆಗಿತ್ತು ಎಂದೆಲ್ಲ. ಎಲ್ಲವೂ ನಿಜ.

"ನುಡಿಸಿದ್ದಕ್ಕೆ ಕೋಪ ಇಲ್ಲ ಸಾರ್. ನನ್ನ ಕರೆದಿದ್ರೆ ನಾನೂ ಹೋಗ್ತಿದ್ದೆ. ಹೇಳಿದ್ದಿದ್ರೆ ಆಗ್ಲೇ ಹಳೇ ಆಫೀಸ್‌ನಲ್ಲಿ ಕೇಳ್ತಿದ್ದೆ. ಆಗ ಜಾಗ ಇತ್ತು. ಈಗ ಇಲ್ಲ ಅಂತಾರೆ."

ಹೆಂಡತಿ ಕಾಫಿ ತಂದಿಟ್ಟು, ನನ್ನ ಕಡೆ ನೋಡದೆ ಒಳಗೆ ಹೋದಳು. ಹುಡುಗಿ ಕಾಫಿ ಕುಡಿದು ಡಬರಾ ಕೆಳಗಿಟ್ಟಳು. ಇನ್ನು ಎದ್ದು ಹೋಗುತ್ತಾಳೆ, ಇದೇ ಕೊನೆಯ ಪಾಠ, ಅದೂ ನಡೆಯದ ಪಾಠ ಎಂದುಕೊಂಡೆ. ಅವಳು ಎದ್ದು ಹೋಗಿ ವಾದ್ಯವನ್ನು ಎದೆಗೆ ಒರಗಿಸಿಕೊಂಡಳು.

"ಇನ್ನೂ ಎರಡು ವಿಡಿಯೋಗೆ ಕರೆದಿದ್ದಾರೆ. ಒಪ್ಪಿಕೊಂಡಿದೀನಿ" ಎಂದಳು. "ನಿನ್ನೆ ನನ್ನ ಕೈ ಒಂದು ಕಡೆ, ನಿಮ್ಮ ಸ್ವರ ಒಂದು ಕಡೆ ಹೋಗ್ತಾ ಇತ್ತು. ನೀವಾಗಿದ್ರೆ ಯಾವ ಸ್ವರಕ್ಕೆ ಯಾವ ಬೆರಳು ಇಡ್ತಿದ್ರಿ, ತೋರಿಸಿ. ಫೋನಲ್ಲಿ ಸಾಂಗ್ ಇದೆ."

"ನೋಡುವವರಿಗೆ ಅದೆಲ್ಲ ಗೊತ್ತಾಗಲ್ಲಮ್ಮ" ಎಂದೆ.

"ನಿಮಗೆ ಗೊತ್ತಾಗುತ್ತೆ."

ಹಾಡು ಹಚ್ಚಿದಳು. ನನಗೆ ಯಾರೂ ಬರೆಸದ, ನಾನು ಎಂದೂ ನುಡಿಸದ ಒಂದು ಸಾಲು ನನ್ನದೇ ನಾದದಲ್ಲಿ ಕೋಣೆಯನ್ನು ತುಂಬಿತು. ಕೆಟ್ಟದಾಗೇನೂ ಇರಲಿಲ್ಲ. ಸಾಲಿನ ನಡುವೆ ಒಂದು ಕಡೆ ನಾನಾಗಿದ್ದರೆ ಬೇರೆ ಹಾದಿ ಹಿಡಿಯುತ್ತಿದ್ದೆ, ಅದನ್ನು ಹೇಳಲಿಲ್ಲ. ಎರಡು ಸಲ ಕೇಳಿ, ಎದ್ದು ಅವಳ ಪಕ್ಕ ನಿಂತು, ಅವಳ ಎಡಗೈಯನ್ನು ಹಿಡಿದು ಒಂದೊಂದೇ ಬೆರಳನ್ನು ಅದರ ಜಾಗದಲ್ಲಿ ಇಟ್ಟೆ. ತಂತಿಯನ್ನು ಒತ್ತಬೇಡ, ಸುಮ್ಮನೆ ಮುಟ್ಟು, ಇಲ್ಲದಿದ್ದರೆ ಸದ್ದು ಬರುತ್ತದೆ ಎಂದು ಹೇಳಿಕೊಟ್ಟೆ.