ಎರಡು ಸಲ ಟೈಪಾದ ಪುಸ್ತಕ

ಎರಡು ಸಾವಿರದ ಆರರ ನಂತರ ಒಂದೆರಡು ವರ್ಷ ನಾನು ಧಾರವಾಡದ ಮಾಳಮಡ್ಡಿಯಲ್ಲಿ ಅಂಧ ಮಕ್ಕಳಿಗೆ ಪಠ್ಯಪುಸ್ತಕ ಅಚ್ಚು ಮಾಡುವ ಒಂದು ಚಿಕ್ಕ ಸಂಸ್ಥೆಯಲ್ಲಿ ಟೈಪಿಸ್ಟ್ ಆಗಿದ್ದೆ. ನಾನು ಟೈಪು ಮಾಡಿದ್ದನ್ನು ಕಂಪ್ಯೂಟರು ಬ್ರೈಲ್ ಚುಕ್ಕೆಗಳಾಗಿ ಬದಲಿಸುತ್ತಿತ್ತು. ಪಕ್ಕದ ಯಂತ್ರ ಅವನ್ನು ದಪ್ಪ ಕಾಗದದ ಮೇಲೆ ಒತ್ತುತ್ತಿತ್ತು. ಬೆರಳಿನಿಂದ ಓದಿ ತಪ್ಪು ತಿದ್ದುವವರು ಒಬ್ಬ ನಿವೃತ್ತ ಮಾಸ್ತರು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ.

ಆ ಯಂತ್ರ ನಡೆಯುತ್ತಿದ್ದುದು ಹಳೆಯ ವಿಂಡೋಸ್‌ನಲ್ಲಿ ಮಾತ್ರ. ಹೊಸ ಯಂತ್ರ ಕೊಳ್ಳುವ ಶಕ್ತಿ ಸಂಸ್ಥೆಗಿರಲಿಲ್ಲ. ರಿಪೇರಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಂಪ್ಯೂಟರ್ ಅಂಗಡಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದರು, ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಒಂದು ದಿನ ಅವರು ಕಂಪ್ಯೂಟರಿನ ಹಿಂದಿದ್ದ ಇಂಟರ್‌ನೆಟ್ಟಿನ ಟೆಲಿಫೋನ್ ವಾಯರು ಕಿತ್ತು ಸುತ್ತಿಟ್ಟರು.

“ಈ ಹಳೀ ವಿಂಡೋಸ್ ಮಾಡಿದ ಕಂಪನಿಯವ್ರು ಇನ್ನ ಇದರ ಕಡೆ ನೋಡಂಗಿಲ್ರಿ. ಎಲ್ಲೆರೆ ವೈರಸ್ ನುಗ್ಗೂ ತೂತು ಬಿದ್ರ ಮುಚ್ಚಾಕ ಯಾರೂ ಇಲ್ಲ. ಟೈಪ್ ಮಾಡ್ರಿ, ಪ್ರಿಂಟ್ ತಗೀರಿ. ಇಂಟರ್‌ನೆಟ್ಟಿಗೆ ಮಾತ್ರ ಹಚ್ಚಬ್ಯಾಡ್ರಿ.”

ವಾರಕ್ಕೊಮ್ಮೆ ಎಲ್ಲವನ್ನೂ ಸೀಡಿಗೆ ಹಾಕಿಡಲು ಹೇಳಿ ಹೋದರು. ನಾನು ಎರಡು ವಾರ ಹಾಕಿದೆ, ಆಮೇಲೆ ಬಿಟ್ಟೆ.

ತಂಗಿಯ ಪಿಯುಸಿ ಫಲಿತಾಂಶದ ದಿನ ಸೈಬರ್ ಕೆಫೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೇ ವಾಯರು ಜೋಡಿಸಿದೆ. ಹುಡುಕುತ್ತ ಯಾವುದೋ ಪುಟ ತೆರೆದೆ. ಜಾಹೀರಾತಿನ ಚೌಕಗಳು ಒಂದರ ಮೇಲೊಂದು ಎದ್ದವು. ಮುಚ್ಚಿದೆ. ಕೊನೆಗೆ ಫಲಿತಾಂಶ ಸಿಕ್ಕಿತು, ವಾಯರು ಕಿತ್ತಿಟ್ಟೆ.

ಮರುದಿನ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಆರುತ್ತ ಹೊತ್ತುತ್ತ ಕೂತಿತು. ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಕಡತಗಳ ಹೆಸರುಗಳಷ್ಟೇ ಉಳಿದಿದ್ದವು, ಒಳಗೆ ಓದುವಂಥ ಒಂದಕ್ಷರವಿಲ್ಲ. ಎರಡು ತಿಂಗಳ ಕೆಲಸ ವೈರಸ್ಸಿನ ಪಾಲಾಗಿತ್ತು.

ಮಾಸ್ತರು ಬಂದು ಕುಳಿತ ಕೂಡಲೇ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾದಿದ್ದೆ. ಅವರು ಕೇಳಿದ್ದೇ ಬೇರೆ.

“ತಂಗಿ ಪಾಸಾದಳೇನವಾ?”

“ಆಗ್ಯಾಳ್ರಿ ಸರ್.”

“ಛಲೋ ಆತು. ಪ್ರೂಫಿನ ಹಾಳಿ ನನ್ನ ಮನ್ಯಾಗ ಅದಾವ. ನಾ ಓದ್ತೇನಿ, ನೀ ಟೈಪ್ ಮಾಡು.”

ತಿದ್ದಿದ ಬ್ರೈಲ್ ಹಾಳೆಗಳನ್ನು ಅವರು ಎಂದೂ ಎಸೆದಿರಲಿಲ್ಲ. ಅವರ ಹೆಂಡತಿ ಆಟೋದಲ್ಲಿ ಎರಡು ಚೀಲ ತಂದು ಇಳಿಸಿದರು. ಅಕ್ಕಾರು ಕಂಪ್ಯೂಟರನ್ನು ಪೂರ್ತಿ ಅಳಿಸಿ, ಅದೇ ಹಳೆಯ ವಿಂಡೋಸ್ ಮತ್ತೆ ಹಾಕಿಕೊಟ್ಟರು. ಅವರ ಮುಂದೆಯೂ ತಪ್ಪು ಒಪ್ಪಿಕೊಂಡೆ. ಮುಂದಿನ ವಾರ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಇನ್ನೊಂದು ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿ ತಂದರು. ಇಂಟರ್‌ನೆಟ್ ಬೇಕಾದರೆ ಇದರಲ್ಲಿ ನೋಡಿ, ಅದನ್ನು ಅದರ ಪಾಡಿಗೆ ಬಿಡಿ ಎಂದರು.

ಹದಿನೆಂಟು ದಿನ ಮಾಸ್ತರು ಓದಿದರು, ನಾನು ಟೈಪು ಮಾಡಿದೆ. ಮೊದಲ ಸಲ ನಮ್ಮಿಬ್ಬರಿಂದಲೂ ತಪ್ಪಿಸಿಕೊಂಡಿದ್ದ ದೋಷಗಳು ಈಗ ಸಿಕ್ಕವು. ಕರ್ನಾಟಕದ ನಕಾಶೆ ಇದ್ದ ಪುಟವನ್ನು ನಾನು ಮೊದಲು ಬಿಟ್ಟೇ ಬಿಟ್ಟಿದ್ದೆ. ಅಲ್ಲಿಗೆ ಬಂದಾಗ ಅದನ್ನು ಹೇಳಿದೆ. ಅವರು ಓದು ನಿಲ್ಲಿಸಿ, ಮಕ್ಕಳಿಗಾಗಿ ಹೊಸದೊಂದು ಸಾಲು ಬರೆಸಿದರು: ಬಲಗೈಯನ್ನು ಅಂಗೈ ಕೆಳಗಾಗಿ ಮೇಜಿನ ಮೇಲೆ ಮುಂದಕ್ಕೆ ಚಾಚಿ ಇಡಿ, ಅದೇ ಕರ್ನಾಟಕ, ಹೆಬ್ಬೆರಳಿನ ಕಡೆ ಸಮುದ್ರ.

ನನ್ನ ಅವಿವೇಕಕ್ಕೆ ಮಾಸ್ತರು, ಅಕ್ಕಾರು ಇಬ್ಬರೂ ಕೊಟ್ಟದ್ದು ತಮ್ಮ ಸಮಯವನ್ನು. ನನ್ನನ್ನು ಹಾಗೆ ನಡೆಸಿಕೊಂಡವರು ಆಮೇಲೆ ನನಗೆ ಹೆಚ್ಚು ಸಿಗಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವ ಎರಡು ದಿನ ಮೊದಲು ಪುಸ್ತಕದ ಕಟ್ಟುಗಳು ಬಸ್ಸೇರಿದವು.