ನಾಲ್ಕು ಮೂಲೆಯ ದೇವರು

ಕಾಪು ಪೇಟೆಯಲ್ಲಿ ಪಟಗಳಿಗೆ ಫ್ರೇಮು ಹಾಕುವ ಸುಗಂಧಿಯನ್ನು ಸರಕಿನಂತೆ ಅಳೆದರೆ ಹೀಗೆ: ಎತ್ತರ ಕಡಿಮೆ, ಬಾಳಿಕೆ ಹೆಚ್ಚು, ಚೌಕಾಶಿಗೆ ಬಗ್ಗುವುದಿಲ್ಲ. ಯಾವ ದೇವರ ಪಟವನ್ನೂ ಆ ದೇವರಿಗೆ ಸಲ್ಲುವ ಮರ್ಯಾದೆ ಮಾಡದೆ ಗಿರಾಕಿಯ ಕೈಗೆ ಕೊಟ್ಟವಳಲ್ಲ. ಕೃಷ್ಣನಿಗೆ ಕುಂಕುಮ, ಜೈನ ಬಸದಿಯ ದೇವರಿಗೆ ಅಕ್ಷತೆ, ಏಸುವಿಗೆ ಮೇಣದಬತ್ತಿ.

ಎಂಬತ್ತೆರಡನೇ ಇಸವಿಯಲ್ಲಿ ಮಣಿಪಾಲದ ವಿದ್ಯಾರ್ಥಿನಿಯೊಬ್ಬಳು ಅಂಗೈಯಗಲದ ಚಿತ್ರವೊಂದನ್ನು ಕೊಟ್ಟು, ಸಂಜೆ ಬರುತ್ತೇನೆಂದು ಹೋದಳು. ನಡುವೆ ಹೂಮಾಲೆಯೊಳಗೆ ಕುಣಿಯುವ ಹೆಣ್ಣು. ಮೂಲೆಗಳಲ್ಲಿ ಗೂಳಿ, ಸಿಂಹ, ಹದ್ದು, ಮನುಷ್ಯನ ಮುಖ. ಸುಗಂಧಿ ಕಂಗಾಲಾದಳು. ಇದು ಯಾರ ದೇವರು? ಮರ್ಯಾದೆ ತಪ್ಪಿದರೆ ಏನು ಗತಿ?

ಅಂಗಡಿಗೆ ಬಂದವರನ್ನೆಲ್ಲ ಕೇಳಿದಳು.

"ನಂದಿ, ಗರುಡ ಕಾಣುವುದಿಲ್ವಾ? ನಮ್ಮದೇ," ಎಂದರು ಇನ್ನಂಜೆಯ ಭಟ್ಟರು.

"ಗೂಳಿ ಆದಿನಾಥರ ಗುರುತು, ಸಿಂಹ ಮಹಾವೀರರದ್ದು. ಬಸದಿಗೆ ಬಂದು ನೋಡು," ಎಂದರು ಕಾರ್ಕಳದ ಪದ್ಮಮ್ಮ.

"ಏಸುವಿನ ಕತೆ ಬರೆದ ನಾಲ್ವರ ಗುರುತು ಮಾರಾಯ್ತಿ! ಇಗರ್ಜಿಯಲ್ಲಿ ಉಂಟು," ಎಂದ ಉದ್ಯಾವರದ ಲಾಜರಸ್.

ಸುಗಂಧಿ ಯಾರನ್ನೂ ನೋಯಿಸಲಿಲ್ಲ. ಗಾಜಿನ ಮೇಲೆ ಕುಂಕುಮವಿಟ್ಟಳು, ಅಕ್ಷತೆ ಹಾಕಿದಳು, ಮೇಣದಬತ್ತಿಯನ್ನೂ ಹಚ್ಚಿದಳು.

ಸಂಜೆ ಬಂದ ಹುಡುಗಿ ಬಿದ್ದು ಬಿದ್ದು ನಕ್ಕಳು. "ಆಂಟಿ, ಇದು ದೇವರ ಪಟ ಅಲ್ಲ. ಭವಿಷ್ಯ ಹೇಳುವ ಟ್ಯಾರೋ ಕಾರ್ಡು!"

"ಅಯ್ಯೋ, ನಾನು ಕುಂಕುಮ ಇಟ್ಟದ್ದು ಇಸ್ಪೀಟಿಗಾ?"

ಒರೆಸಲು ಬಟ್ಟೆ ಎತ್ತಿದವಳು ಚಿತ್ರವನ್ನು ಇನ್ನೊಮ್ಮೆ ನೋಡಿ, ಬಟ್ಟೆಯನ್ನು ಕೆಳಗಿಟ್ಟಳು. "ಇರಲಿ ಮಗಾ. ಇಷ್ಟು ಮಂದಿ ಜಗಳ ಇಲ್ಲದೆ ಕೂತ ಜಾಗ ಬೇರೆ ಎಲ್ಲಿ ಉಂಟು?"

ಹುಡುಗಿ ಕುಂಕುಮದ ಸಮೇತ ಕೊಂಡುಹೋದಳು.

ಸುಗಂಧಿಗೆ ಗಾಜು ಮಾರುತ್ತಿದ್ದವನು ನಾನು. ಗಿರಾಕಿಯ ದೇವರು ಯಾರೆಂದು ತಿಳಿಯದಿದ್ದರೂ ಮರ್ಯಾದೆ ಕೊಡಬೇಕೆಂಬುದನ್ನು ಕಲಿತದ್ದು ಅವಳಿಂದ.