ನೋಡದೆ ಬೆಲೆ ಹೇಳದವನು

ಡುಲುತ್ ಊರಿನ ಗುಡ್ಡದ ಮೇಲೆ ಆರ್ವಿಡ್ ಕಾಂಗಸ್ ತಲೆ ತೂರಿಸದ ನೆಲಮಾಳಿಗೆ ಇಲ್ಲ ಎಂದರೆ ಅದು ಅಷ್ಟೇನೂ ದೊಡ್ಡ ಸುಳ್ಳಲ್ಲ. ಅಕ್ಟೋಬರಿನಲ್ಲಿ ಹೊತ್ತಿಸಿದ ಒಲೆಯನ್ನು ಮೇ ತಿಂಗಳವರೆಗೆ ಆರಿಸುವ ಹಾಗಿಲ್ಲದ ಊರು ಇದು. ನೆಲಮಾಳಿಗೆಯ ಆ ಒಲೆಯಿಂದ ಬಿಸಿಗಾಳಿಯನ್ನು ಕೋಣೆಕೋಣೆಗೂ ಹೊತ್ತೊಯ್ಯುವ ತಗಡಿನ ಕೊಳವೆಗಳು ಗೋಡೆಯೊಳಗೂ ನೆಲದಡಿಯಲ್ಲೂ ಹರಿದಿರುತ್ತವೆ. ಅವುಗಳಲ್ಲಿ ಕೂತ ಧೂಳನ್ನು ತೆಗೆಯುವುದೇ ಮೂವತ್ನಾಲ್ಕು ವರ್ಷ ಆರ್ವಿಡ್ ಮಾಡಿಕೊಂಡು ಬಂದ ಕಸುಬು.

ಕಸುಬಿಗಿಂತ ಹೆಚ್ಚಾಗಿ ಅವನು ಹೆಸರಾಗಿದ್ದು ತನ್ನ ಹಟಕ್ಕೆ. ಫೋನಿನಲ್ಲಿ ಬೆಲೆ ಹೇಳು ಎಂದರೆ ಜಪ್ಪಯ್ಯ ಅಂದರೂ ಹೇಳುತ್ತಿರಲಿಲ್ಲ. ಫೋನು ತೆಗೆಯುತ್ತಿದ್ದವಳು ಹೆಂಡತಿ ಮಾರ್ಲಿಸ್. ಒತ್ತಾಯ ಮಾಡಿದವರಿಗೆಲ್ಲ ಅವಳದು ಒಂದೇ ಉತ್ತರ. “ಮನೆ ನೋಡ್ದೆ ಅವ್ನು ಬೆಲೆ ಹೇಳಲ್ಲ ಕಣಮ್ಮ. ನನ್ನ ಮದ್ವೆ ಆಗೋಕ್ಕೂ ಮೂರು ಸಲ ಬಂದು ನೋಡ್ಕೊಂಡು ಹೋದ ಗಿರಾಕಿ ಅವ್ನು.”

ಬಂದವನು ಮೊದಲು ಬಿಸಿಗಾಳಿ ಹೊರಬರುವ ನೆಲದ ಜಾಲರಿಗಳನ್ನು ಎಣಿಸುತ್ತಿದ್ದ. ಒಂದೆರಡನ್ನು ಬಿಚ್ಚಿ, ಟಾರ್ಚು ಕನ್ನಡಿ ಇಳಿಸಿ, ಮೊಣಕೈವರೆಗೆ ಕೈ ಹಾಕಿ ನೋಡುತ್ತಿದ್ದ. ಮನೆಗೆಷ್ಟು ವಯಸ್ಸು, ಕೊಳವೆಗೆಷ್ಟು ತಿರುವು, ಈಚೆಗೆ ಗೋಡೆ ಒಡೆಸಿದ್ದುಂಟೇ, ನಾಯಿ ಇದೆಯೇ ಎಂದೆಲ್ಲ ವಿಚಾರಿಸಿ, ಕೊನೆಗೆ ತನ್ನ ಕಾರ್ಡಿನ ಹಿಂದೆ ಒಂದೇ ಒಂದು ಅಂಕಿ ಬರೆದು ಕೊಡುತ್ತಿದ್ದ. ಆ ಅಂಕಿ ಆಮೇಲೆ ಒಂದು ಸೆಂಟೂ ಬೆಳೆಯುತ್ತಿರಲಿಲ್ಲ. ಅರ್ಧದಷ್ಟು ಮನೆಗಳಲ್ಲಂತೂ ಅಂಕಿಯನ್ನೇ ಬರೆಯದೆ, ಒಳಗೆ ಏನೂ ಇಲ್ಲ, ಫಿಲ್ಟರ್ ಬದಲಾಯಿಸಿಕೊಳ್ಳಿ ಸಾಕು, ಆ ದುಡ್ಡಲ್ಲಿ ಮಕ್ಕಳಿಗೆ ಬೂಟು ಕೊಡಿಸಿ ಎಂದು ಹೇಳಿ ಬರುತ್ತಿದ್ದ. ಬೇಡ ಅನ್ನೋದಕ್ಕೆ ಇಲ್ಲಿಂದ ಪೆಟ್ರೋಲು ಸುಟ್ಟುಕೊಂಡು ಯಾಕೆ ಹೋಗಬೇಕು, ಮನೆಯಲ್ಲೇ ಕೂತು ಅನ್ನಬಾರದೇ ಎಂದು ಮಾರ್ಲಿಸ್ ಚುಡಾಯಿಸುತ್ತಿದ್ದಳು.

ಐನೂರು ಡಾಲರ್ ಎಂದು ಬರೆದದ್ದನ್ನು ನೋಡಿ ಹುಬ್ಬು ಗಂಟಿಕ್ಕಿದವರಿಗೆ ಅವನು ಬೇಸರವಿಲ್ಲದೆ ವಿವರಿಸುತ್ತಿದ್ದ. ಇಬ್ಬರ ಅರ್ಧ ದಿನದ ದುಡಿಮೆ, ಲಾರಿಯ ಮೇಲೆ ಕೂರಿಸಿದ ದೊಡ್ಡ ಹೀರುವ ಯಂತ್ರ, ಒಲೆಯ ಪಕ್ಕದ ದೊಡ್ಡ ಕೊಳವೆಯನ್ನು ಕತ್ತರಿಸಿ ಮತ್ತೆ ಮುಚ್ಚುವ ಕೆಲಸ. ಅಷ್ಟಕ್ಕೂ ತೃಪ್ತಿಯಾಗದಿದ್ದರೆ ಕೊನೆಯ ಮಾತು. “ನೀವು ಧೂಳಿಗೆ ದುಡ್ಡು ಕೊಡ್ತಿಲ್ಲ. ಕೈ ಹೋಗದ ಜಾಗಕ್ಕೆ ಕೊಡ್ತಿದೀರಿ. ಕೈ ಎಟುಕೋ ಅಷ್ಟನ್ನ ಯಾರು ಬೇಕಾದ್ರೂ ಒರೆಸ್ತಾರೆ.”

ಈ ಮಾತಿನ ಗುರಿ ತೊಂಬತ್ತೊಂಬತ್ತರವರು. ಇಡೀ ಮನೆಗೆ ಬರೀ ತೊಂಬತ್ತೊಂಬತ್ತು ಡಾಲರ್ ಎಂದು ಬಣ್ಣದ ಚೀಟಿ ಹಂಚಿ ಒಳಗೆ ಕಾಲಿಡುವ ಜನ. ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ. ಬಂದ ಮೇಲೆ ಜಾಲರಿಗೆ ಇಷ್ಟು, ಒಲೆಗೆ ಅಷ್ಟು ಎಂದು ಏರಿಸುತ್ತಾರೆ; ಯಾವುದೋ ಮನೆಯ ಬೂಷ್ಟು ಹಿಡಿದ ಕೊಳವೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ಇದು ನಿಮ್ಮದೇ ಎಂದು ಹೆದರಿಸಿ ಔಷಧಿ ಸಿಂಪಡಿಸುತ್ತಾರೆ. ಅವರ ಹೆಸರೆತ್ತಿದರೆ ಸಾಕು, ಆರ್ವಿಡ್ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕುತ್ತಿದ್ದ.

ಅವನ ಕೆಲಸದಲ್ಲಿ ಇಬ್ಬರು ಅಂದೆನಲ್ಲ, ಇನ್ನೊಬ್ಬಳು ಮಾರ್ಲಿಸ್. ಅವನು ಕೆಳಗೆ ಯಂತ್ರದ ಪೈಪು, ಗುಂಡಿಗಳ ಹತ್ತಿರ, ಅವಳು ಮೇಲೆ ಕೋಣೆಗಳಲ್ಲಿ. ಎಲ್ಲ ಜಾಲರಿಗಳಿಗೂ ಹಾಳೆ ಮುಚ್ಚಿ, ಒಂದೊಂದನ್ನೇ ಬಿಚ್ಚಿ, ಗಾಳಿ ಉಗುಳುವ ಸಣ್ಣ ಪೈಪನ್ನು ಒಳಗೆ ಇಳಿಸಬೇಕು. ಮೇಲಿನವರು ಕೂಗಿದ್ದು ಕೆಳಗಿನವರಿಗೆ ಆ ಗದ್ದಲದಲ್ಲಿ ಕೇಳುವುದಿಲ್ಲವಾದ್ದರಿಂದ ತಗಡನ್ನು ತಟ್ಟುವುದು ಇಬ್ಬರ ನಡುವಿನ ಭಾಷೆ. ಎರಡು ತಟ್ಟಿದರೆ ತೆರೆದಿದ್ದೇನೆ, ಶುರು ಮಾಡು. ಒಂದು ತಟ್ಟಿದರೆ ಆಯಿತು, ನಿಲ್ಲಿಸು. ಮಗಳು ಕ್ರಿಸ್ಟಾ ಚಿಕ್ಕವಳಿದ್ದಾಗ ರಜೆಯ ದಿನಗಳಲ್ಲಿ ಅಮ್ಮನ ಜೊತೆ ಹೋಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಾನೇ ತಟ್ಟುತ್ತೇನೆ ಎಂದು ಜಗಳ ಮಾಡುತ್ತಿದ್ದಳು.

ಎರಡು ಚಳಿಗಾಲದ ಹಿಂದೆ ಮಾರ್ಲಿಸ್ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಳು. ಐದು ತಿಂಗಳು ನರಳಿದಳು. ಅವಳ ಎರಡು ಬೆಕ್ಕುಗಳಲ್ಲಿ ಒಂದು ಅವಳ ಹಿಂದೆಯೇ ಸತ್ತಿತು, ಇನ್ನೊಂದನ್ನು ಪಕ್ಕದ ಮನೆಯವರು ಒಯ್ದರು. ಆರ್ವಿಡ್ ಬೇರೆ ಜೊತೆಗಾರನನ್ನು ಹುಡುಕಲಿಲ್ಲ. ಒಬ್ಬನೇ ಮೆಟ್ಟಿಲು ಹತ್ತಿ ಇಳಿದು ಅರ್ಧ ದಿನದ ಕೆಲಸವನ್ನು ಇಡೀ ದಿನ ಮಾಡುತ್ತ, ಬೆಲೆ ಮಾತ್ರ ಹಿಂದಿನದನ್ನೇ ಬರೆಯುತ್ತಿದ್ದ. ಅದೇ ವರ್ಷದ ಕೊನೆಗೆ ಗಂಡನಿಂದ ಬೇರೆಯಾದ ಕ್ರಿಸ್ಟಾ ಆರು ವರ್ಷದ ಮಗಳು ಮಾಯಾಳನ್ನು ಕರೆದುಕೊಂಡು ಅಪ್ಪನ ಮನೆಗೆ ಬಂದಳು.

ಆ ಮಗುವಿಗೆ ಉಬ್ಬಸ. ನಗುತ್ತಿರುವಾಗಲೇ ಎದೆ ಕೊಳಲಿನ ಹಾಗೆ ಸಿಳ್ಳೆ ಹಾಕುತ್ತಿತ್ತು. ಪರೀಕ್ಷೆ ಮಾಡಿದ ಡಾಕ್ಟರು ಬೆಕ್ಕಿನ ಕೂದಲು ಆಗಿಬರುವುದಿಲ್ಲ, ನೆಲಹಾಸು ಪರದೆ ತೆಗೆಯಿರಿ, ಗಾಳಿಕೊಳವೆ ತೊಳೆಸಿ ಎಂದರು. ಆರ್ವಿಡ್ ಅದೇ ದಿನ ನೆಲಹಾಸುಗಳನ್ನು ಸುತ್ತಿ ಹೊರಗೆ ಹಾಕಿದ, ಪರದೆ ಕಿತ್ತ, ಸೋಫಾವನ್ನೂ ಕೊಟ್ಟುಬಿಟ್ಟ. ಕೊಳವೆಯ ವಿಷಯ ಬಂದಾಗ ಮಾತ್ರ ಯಂತ್ರದ ಬೆಲ್ಟು ಹರಿದಿದೆ, ಹೊಸದು ಬರಬೇಕು ಅಂದ. ಆಮೇಲೆ ಬೆನ್ನುನೋವು ಅಂದ. ಊರಿನವರ ಕೊಳವೆಯಲ್ಲೆಲ್ಲ ನುಗ್ಗುವವನಿಗೆ ನಮ್ಮ ಮನೆಯದೇ ಭಾರವೇ ಎಂದು ಮಗಳು ಕೇಳಿದಳು.

ನಿಜವಾದ ಕಾರಣವನ್ನು ಅವನು ಯಾರಿಗೆ ಹೇಳಿಯಾನು? ಮನೆಯ ಧೂಳು ಎಂದರೆ ಮನೆಯ ಜನ ಎಂಬುದು ಅವನಷ್ಟು ಗೊತ್ತಿದ್ದವರು ಆ ಊರಲ್ಲಿ ಇನ್ನೊಬ್ಬರಿಲ್ಲ. ಒಂದು ಹಿಡಿ ಧೂಳು ನೋಡಿ, ಈ ಮನೆಯಲ್ಲಿ ಹೊಲಿಗೆ ಹಾಕುವವರಿದ್ದಾರೆ, ನೀಲಿ ಕಂಬಳಿ ಇದೆ, ಯಾರಿಗೋ ಕೂದಲು ಉದುರುತ್ತಿದೆ ಎಂದು ಹೇಳಬಲ್ಲವನು ಅವನು. ತನ್ನ ಮನೆಯ ಕೊಳವೆಯನ್ನು ಮಾತ್ರ ಮುಂದಿನ ವರ್ಷ ಮಾಡಿದರಾಯಿತು ಎಂದು ಇಪ್ಪತ್ತಾರು ವರ್ಷ ಮುಂದೂಡಿದ್ದ. ದೀಪದ ಬುಡದಲ್ಲಿ ಕತ್ತಲು. ಮಾರ್ಲಿಸ್ ಸತ್ತ ತಿಂಗಳಿಗೆ ಒಮ್ಮೆ ಮಲಗುವ ಕೋಣೆಯ ಜಾಲರಿ ಬಿಚ್ಚಿ ಟಾರ್ಚು ಬಿಟ್ಟಿದ್ದ. ಬೂದುಬಣ್ಣದ ಮೆತ್ತನೆಯ ಪದರ, ಅದರಲ್ಲಿ ಅವಳು ಹೆಣೆಯುತ್ತಿದ್ದ ಕೆಂಪು ಉಣ್ಣೆಯ ಎಳೆಗಳು, ಔಷಧಿಗೆ ಉದುರಿದ ಅವಳ ಉದ್ದ ಕೂದಲು. ಮಣ್ಣಿಗೆ ಕೊಟ್ಟದ್ದು ಬಿಟ್ಟರೆ ಅವಳ ದೇಹದ್ದು ಅಂತ ಈ ಲೋಕದಲ್ಲಿ ಉಳಿದಿದ್ದುದು ಅಷ್ಟೇ. ಅವನು ಜಾಲರಿಯನ್ನು ಮೆಲ್ಲಗೆ ಮುಚ್ಚಿ ನಾಲ್ಕೂ ಸ್ಕ್ರೂಗಳನ್ನು ಬಿಗಿ ಮಾಡಿದ್ದ.

ಫೆಬ್ರವರಿಯ ಒಂದು ಮಂಗಳವಾರ ಆರ್ವಿಡ್ ಪಕ್ಕದೂರಿಗೆ ಕೆಲಸಕ್ಕೆ ಹೋಗಿದ್ದ. ಸಂಜೆ ಬಂದರೆ ಮನೆಯೆಲ್ಲ ನಿಂಬೆಯ ವಾಸನೆ. ಕ್ರಿಸ್ಟಾ ಬಾಗಿಲಲ್ಲೇ ನಿಂತಿದ್ದಳು.

“ಬೈಬೇಡ ಅಪ್ಪ. ನಿನ್ ಬೆನ್ನಲ್ಲಿ ಆಗಲ್ಲ ಅಂತ ಬೇರೆಯವ್ರನ್ನ ಕರೆಸ್ದೆ. ಚೀಟೀಲಿ ತೊಂಬತ್ತೊಂಬತ್ತು ಅಂತಿತ್ತು, ಆರುನೂರ ನಲವತ್ತಾಯ್ತು. ಆಗ್ಲಿ ಬಿಡು, ಮಗು ಉಸಿರಾಡ್ಲಿ.”

ಮೋಸ ಹೋದೆಯಲ್ಲ ಮಗಳೇ ಎನ್ನುವುದು ಅವನ ನಾಲಿಗೆಗೇ ಬರಲಿಲ್ಲ. ಅವಳು ಹೋದಳು, ಮಾರ್ಲಿಸ್ ಹೋದಳು, ಯಾರದೋ ಚೀಲದಲ್ಲಿ ಯಾವುದೋ ತಿಪ್ಪೆಗೆ ಹೋದಳು ಎಂಬುದೊಂದೇ ತಲೆಯಲ್ಲಿ ಸುತ್ತಿತು. ಕೋಟನ್ನೂ ಬಿಚ್ಚದೆ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸ್ಕ್ರೂ ಬಿಚ್ಚಿದ. ಒಂದು ಕೈ ಉದ್ದದಷ್ಟು ತಗಡು ಫಳಫಳ ಹೊಳೆಯುತ್ತಿತ್ತು. ಕನ್ನಡಿ ಇಳಿಸಿ ಅದರಾಚೆ ನೋಡಿದರೆ ಬೂದು ಪದರ ಇದ್ದ ಹಾಗೆಯೇ ಇತ್ತು. ಕೆಂಪು ಎಳೆ ಹಾಗೆಯೇ ಇತ್ತು. ನೆಲಮಾಳಿಗೆಗೆ ಓಡಿದ. ಒಲೆಯ ಪಕ್ಕದ ದೊಡ್ಡ ಕೊಳವೆಯನ್ನು ಆ ಪುಣ್ಯಾತ್ಮರು ಮುಟ್ಟಿಯೂ ಇರಲಿಲ್ಲ.

ಜನ್ಮವಿಡೀ ಶಪಿಸಿದ ಕಳ್ಳರನ್ನು ಆರ್ವಿಡ್ ಅಂದು ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಮನಸಾರೆ ಹರಸಿದ. ಒಲೆಯ ಪಕ್ಕ ನಿಂತು ಅತ್ತ. ಊಟಕ್ಕೆ ಕೂತಾಗ ಮಗಳು, ಸರಿಯಾಗಿ ಮಾಡಿದ್ದಾರಾ ಎಂದು ಕೇಳಿದಳು.

“ಮಾಡಿದಾರೆ,” ಎಂದ.

ಮೂವತ್ನಾಲ್ಕು ವರ್ಷಗಳಲ್ಲಿ ಕೊಳವೆಯ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು. ಅವನನ್ನು ಬೈಯಬೇಕೆಂದು ನನಗೂ ಅನ್ನಿಸುತ್ತದೆ, ಬಾಯಿ ಬರುವುದಿಲ್ಲ.

ಸುಳ್ಳು ಮನೆಯಲ್ಲೇ ಕೂತಿರಲಿಲ್ಲ, ಡಾಕ್ಟರ ಹತ್ತಿರವೂ ಹೋಯಿತು. ಕೊಳವೆ ತೊಳೆಸಿ ಆಯಿತು ಎಂದು ಕ್ರಿಸ್ಟಾ ಹೇಳಿದಳು. ಹಾಗಾದರೆ ಧೂಳಲ್ಲ, ರೋಗವೇ ಜೋರಾಗಿದೆ ಎಂದು ಅವರು ಔಷಧಿಯನ್ನು ಎರಡು ಪಟ್ಟು ಮಾಡಿದರು. ಮಾಯಾಳ ನಿದ್ದೆ ಹೋಯಿತು, ಕಣ್ಣ ಕೆಳಗೆ ಕಪ್ಪಾಯಿತು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಎಲ್ಲ ಮಕ್ಕಳ ಹಾಗೆ ಜಾಲರಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಮೇಲಿನಿಂದ ಕಂಬಳಿ ಹೊದ್ದು, ಬಿಸಿಗಾಳಿಗೆ ಕಂಬಳಿ ಉಬ್ಬುವುದನ್ನು ಅನುಭವಿಸುತ್ತಿದ್ದಳು. ಗದರಿಸಿ ಎಬ್ಬಿಸಿದರೆ ಕ್ರಿಸ್ಟಾ ಯಾಕೆ ಎಂದು ಕೇಳುತ್ತಾಳೆ. ಆರ್ವಿಡ್ ಕಾಫಿ ಹಿಡಿದುಕೊಂಡು ನೋಡುತ್ತ ನಿಲ್ಲುತ್ತಿದ್ದ. ಕಂಬಳಿಯೊಳಗಿಂದ ಸಿಳ್ಳೆ ಕೇಳುತ್ತಿತ್ತು.

ಹನ್ನೊಂದನೆಯ ದಿನ, ಶನಿವಾರ, ತಿಂಡಿಗೆ ಕೂತಿದ್ದ ಮಗು ಹಾಲಿನ ಲೋಟ ಎತ್ತಿತು. ಕೈ ಗಡಗಡ ನಡುಗಿ ಹಾಲು ಮೇಜಿನ ತುಂಬ ಚೆಲ್ಲಿತು. ಅವಳು ಅಳಲಿಲ್ಲ, ಎರಡೂ ಕೈಗಳನ್ನು ಮುಂದೆ ಚಾಚಿ ಬೆರಗಿನಿಂದ ನೋಡಿಕೊಂಡಳು.

“ಅಜ್ಜ, ನನ್ ಕೈ ನನ್ ಮಾತೇ ಕೇಳ್ತಿಲ್ಲ ನೋಡು.”

ಔಷಧಿಯ ನಡುಕ ಎಂದು ಕ್ರಿಸ್ಟಾ ಹಾಲು ಒರೆಸುತ್ತ ಹೇಳಿದಳು. ನೋಡದೆ ಬೆಲೆ ಹೇಳದವನು ತನ್ನ ಸುಳ್ಳಿನ ಬೆಲೆಯನ್ನು ಆಗ ಕಣ್ಣಾರೆ ನೋಡಿದ. ಮಗಳೂ ಮೊಮ್ಮಗಳೂ ಮಾಯಾಳ ಗೆಳತಿಯ ಹುಟ್ಟುಹಬ್ಬಕ್ಕೆಂದು ಹೊರಟ ಮೇಲೆ ಲಾರಿಯನ್ನು ಮನೆಯ ಪಕ್ಕಕ್ಕೆ ತಂದು, ದಪ್ಪ ಪೈಪನ್ನು ನೆಲಮಾಳಿಗೆಯ ಕಿಟಕಿಯಲ್ಲಿ ಇಳಿಸಿ, ದೊಡ್ಡ ಕೊಳವೆಯನ್ನು ಕತ್ತರಿಸಿದ.

ಅಡುಗೆಮನೆ, ಹಜಾರ, ಮಾಯಾ ಮಲಗುವ ಕೋಣೆ ಇಷ್ಟು ಮುಗಿದಿತ್ತು. ಮಗುವನ್ನು ಅಲ್ಲಿ ಬಿಟ್ಟು ಬೇಗ ಮರಳಿದ ಕ್ರಿಸ್ಟಾ ಕಿಟಕಿಯಲ್ಲಿ ತೂರಿದ್ದ ಪೈಪು ನೋಡಿ ಕೆಳಗೆ ಬಂದಳು. ಆರ್ವಿಡ್ ಯಂತ್ರ ನಿಲ್ಲಿಸಿದ.

“ತೊಳೆಸಿ ಆಗಿತ್ತಲ್ಲ ಅಪ್ಪ?”

“ಅವ್ರು ಏನೂ ಮಾಡಿರ್ಲಿಲ್ಲ ಮಗಳೇ. ಕೈ ಎಟುಕೋ ಅಷ್ಟು ಒರೆಸಿ ಹೋಗಿದ್ರು.”

“ನಿಂಗೆ ಯಾವಾಗ ಗೊತ್ತಾಯ್ತು?”

“ಅವತ್ತೇ.”

ಕ್ರಿಸ್ಟಾ ಮೆಟ್ಟಿಲ ಮೇಲೆ ಕೂತಳು. ಹನ್ನೊಂದು ದಿನವನ್ನು ಅವಳು ಒಂದೊಂದಾಗಿ ನೆನೆಯುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. “ಊರಿಗೆಲ್ಲ ನಿಜ ಹೇಳ್ದೋನು ನೀನು,” ಎಂದಳು. “ನನ್ ಮಗು ಕೈ ನಡುಗ್ತಿದ್ರೂ ಸುಮ್ನೆ ಕೂತಿದ್ಯಲ್ಲ. ಯಾಕಪ್ಪ?”

ಅವನು ಸ್ಕ್ರೂಡ್ರೈವರನ್ನೂ ಟಾರ್ಚು ಕನ್ನಡಿಯನ್ನೂ ಅವಳ ಕೈಗಿಟ್ಟ. “ಇನ್ನು ನಮ್ ಕೋಣೆ ಒಂದೇ ಬಾಕಿ. ನೀನೇ ಹೋಗಿ ನೋಡು,” ಎಂದ.

ಅವಳು ಸಿಟ್ಟಿನಲ್ಲೇ ಮೆಟ್ಟಿಲು ಹತ್ತಿದಳು. ತಲೆಯ ಮೇಲೆ ಹೆಜ್ಜೆ ಸದ್ದು, ಆಮೇಲೆ ಸ್ಕ್ರೂಗಳು ಒಂದೊಂದಾಗಿ ನೆಲಕ್ಕೆ ಬಿದ್ದ ಸದ್ದು. ನಾಲ್ಕೂ ಬಿದ್ದವು. ಆರ್ವಿಡ್ ಕೊಳವೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಆ ಹಳೆಯ ಮನೆಗಳಲ್ಲಿ ಕೊಳವೆ ಮಾತನ್ನೂ ಸಾಗಿಸುತ್ತದೆ. ಮಗಳ ಅಳು ತಗಡಿನೊಳಗಿಂದ ಇಳಿದು ಬಂತು.

“ಅಪ್ಪ, ಅಮ್ಮನ ಕೂದ್ಲು.”

“ಗೊತ್ತು ಮಗಳೇ.”

“ಒಂಚೂರು ಇಟ್ಕೊಳ್ಳೋಣ್ವಾ?”

ಅವನು ಕಣ್ಣು ಮುಚ್ಚಿಕೊಂಡ. ಇಟ್ಟುಕೋ ಎನ್ನಲು ತುಟಿಯವರೆಗೆ ಬಂದಿತ್ತು. ಆ ಕೂದಲಿಗೆ ಅಂಟಿಕೊಂಡಿರುವುದು ಏನೆಂದು ಅವನಿಗೆ ಗೊತ್ತಿತ್ತು.

“ಬೇಡ,” ಎಂದ. “ಬೆಕ್ಕಿನದೂ ಅದ್ರಲ್ಲೇ ಇದೆ. ಮನೇಲಿ ಮಗು ಇದೆ.”

ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಗಡಿನ ಮೇಲೆ ಎರಡು ಸಲ ತಟ್ಟಿದ್ದು ಕೇಳಿಸಿತು. ಆರ್ವಿಡ್ ಯಂತ್ರದ ಗುಂಡಿ ಒತ್ತಿದ. ಹನ್ನೆರಡು ಅಡಿಯ ಸಣ್ಣ ಕೊಳವೆ. ಒಂದು ನಿಮಿಷವೂ ಹಿಡಿಯಲಿಲ್ಲ.